ಸವಕಳಿ ತಡೆಯುವ ಥರ್ಮಲ್ ಸ್ಪ್ರೇ ಲೇಪನ: ಪದೇ ಪದೇ ಕೇಳುವ ಪ್ರಶ್ನೆಗಳು

ಥರ್ಮಲ್ ಸ್ಪ್ರೇ ಅಂದರೇನು? ವೆಲ್ಡಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ?

ಪೌಡರ್ ಅಥವಾ ವೈರ್ ರೂಪದ ವಸ್ತುವನ್ನು ಜ್ವಾಲೆ, ವಿದ್ಯುತ್ ಆರ್ಕ್ ಇಲ್ಲವೇ ಪ್ಲಾಸ್ಮಾದಲ್ಲಿ ಕರಗಿಸಿ, ವೇಗದ ಅನಿಲದ ಜೊತೆ ಭಾಗದ ಮೇಲೆ ಎರಚುವ ವಿಧಾನ ಇದು. ಹಾರಿಬಂದ ಪ್ರತಿ ಕಣವೂ ಲೋಹಕ್ಕೆ ಬಡಿದು ಚಪ್ಪಟೆಯಾಗಿ ಕ್ಷಣದಲ್ಲೇ ಗಟ್ಟಿಯಾಗುತ್ತದೆ. ಮಾಡಿಗೆ ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತ ಈ ಕಣಗಳೇ ಲೇಪನ.

ವೆಲ್ಡಿಂಗ್‌ನಲ್ಲಿ ತಳದ ಲೋಹವೂ ಕರಗಿ ಬೆರೆಯುತ್ತದೆ. ಇಲ್ಲಿ ಕರಗುವುದಿಲ್ಲ. ಸರಿಯಾಗಿ ಮಾಡಿದರೆ ಭಾಗದ ಬಿಸಿ 150 ಡಿಗ್ರಿ ಸೆಲ್ಸಿಯಸ್ ಒಳಗೇ ಇರುತ್ತದೆ. ಆದ್ದರಿಂದ ಶಾಫ್ಟ್ ಬಾಗುವುದಿಲ್ಲ, ಹದ ಮಾಡಿದ ಉಕ್ಕಿನ ಗಡಸುತನವೂ ಇಳಿಯುವುದಿಲ್ಲ. ಇದರ ಇನ್ನೊಂದು ಮುಖವನ್ನೂ ಮರೆಯಬಾರದು: ಲೇಪನಕ್ಕೂ ಲೋಹಕ್ಕೂ ಇರುವ ಹಿಡಿತ ಬಹುಮಟ್ಟಿಗೆ ಯಾಂತ್ರಿಕವಾದದ್ದು. ತರಿತರಿಯಾದ ಮೈಯನ್ನು ಕಣಗಳು ಕಚ್ಚಿಕೊಂಡಿರುತ್ತವೆ, ಅಷ್ಟೇ. ಲೇಪನ ಎದ್ದುಬಂದ ಕೆಲಸಗಳಲ್ಲಿ ಹೆಚ್ಚಿನವು ಸ್ಪ್ರೇ ಗನ್ ಹೊತ್ತಿಸುವ ಮೊದಲೇ, ಮೈ ಸಿದ್ಧ ಮಾಡುವಾಗಲೇ, ಕೆಟ್ಟಿರುತ್ತವೆ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಫ್ಲೇಮ್, ಆರ್ಕ್, ಪ್ಲಾಸ್ಮಾ, ಎಚ್‌ವಿಒಎಫ್ – ಯಾವುದು ಹೇಗೆ ಬೇರೆ?

ಎರಡು ಸಂಗತಿ ನೋಡಿದರೆ ಸಾಕು: ಕಣಕ್ಕೆ ಎಷ್ಟು ಬಿಸಿ ಸಿಗುತ್ತದೆ, ಅದು ಎಷ್ಟು ವೇಗದಲ್ಲಿ ಬಡಿಯುತ್ತದೆ.

ಫ್ಲೇಮ್ ಸ್ಪ್ರೇಯಲ್ಲಿ ಆಕ್ಸಿ-ಅಸಿಟಿಲೀನ್ ಜ್ವಾಲೆ ಸುಮಾರು 3,100 ಡಿಗ್ರಿ ಇರುತ್ತದೆ. ಕಣದ ವೇಗ ಮಾತ್ರ ಸೆಕೆಂಡಿಗೆ 50ರಿಂದ 100 ಮೀಟರ್. ಲೇಪನದಲ್ಲಿ ರಂಧ್ರಗಳು ಶೇ 10ರಷ್ಟೋ ಅದಕ್ಕಿಂತ ಹೆಚ್ಚೋ ಉಳಿಯುತ್ತವೆ. ಆರ್ಕ್ ಸ್ಪ್ರೇಯಲ್ಲಿ ಎರಡು ವೈರ್‌ಗಳ ನಡುವೆ ಆರ್ಕ್ ಹೊತ್ತಿಸಿ, ಕರಗಿದ ಲೋಹವನ್ನು ಗಾಳಿಯಿಂದ ಊದುತ್ತಾರೆ. ಕೆಲಸ ಬೇಗ ಆಗುತ್ತದೆ, ದಪ್ಪ ಪದರ ಕಟ್ಟಬಹುದು, ಖರ್ಚೂ ಕಡಿಮೆ. ಪ್ಲಾಸ್ಮಾದ ಬಿಸಿ 10,000 ಡಿಗ್ರಿ ಮೀರುವುದರಿಂದ ಸೆರಾಮಿಕ್‌ಗಳಿಗೆ ಅದೇ ಸೂಕ್ತ.

ಎಚ್‌ವಿಒಎಫ್ ಎಂದರೆ ಆಮ್ಲಜನಕದ ಜೊತೆ ಸೀಮೆಎಣ್ಣೆ, ಪ್ರೊಪೇನ್ ಅಥವಾ ಹೈಡ್ರೋಜನ್ ಉರಿಸಿ ಶಬ್ದಾತೀತ ವೇಗದ ಜ್ವಾಲೆ ಹೊರಡಿಸುವ ವಿಧಾನ. ಕಣದ ವೇಗ ಸೆಕೆಂಡಿಗೆ 500ರಿಂದ 800 ಮೀಟರ್, ರಂಧ್ರ ಶೇ 1ಕ್ಕಿಂತ ಕಡಿಮೆ. ಟಂಗ್‌ಸ್ಟನ್ ಕಾರ್ಬೈಡ್‌ಗೆ ಇದನ್ನೇ ಆರಿಸಲು ಕಾರಣ ವೇಗ ಒಂದೇ ಅಲ್ಲ. ಪ್ಲಾಸ್ಮಾದ ಅತಿ ಬಿಸಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ತನ್ನ ಇಂಗಾಲ ಕಳೆದುಕೊಂಡು ಡೈಟಂಗ್‌ಸ್ಟನ್ ಕಾರ್ಬೈಡ್ ಆಗಿ, ಕೊನೆಗೆ ಬರಿ ಟಂಗ್‌ಸ್ಟನ್ ಆಗಿ ಒಡೆಯುತ್ತದೆ. ಹಾಗಾದ ಲೇಪನ ಗಟ್ಟಿಯಿದ್ದರೂ ಪೆಡಸು, ಪೆಟ್ಟು ಬಿದ್ದರೆ ಉದುರುತ್ತದೆ. ಎಚ್‌ವಿಒಎಫ್‌ನಲ್ಲಿ ಕಣ ಜ್ವಾಲೆಯೊಳಗೆ ಇರುವ ಹೊತ್ತು ಬಹಳ ಕಡಿಮೆ, ಬಿಸಿಯೂ ಕಡಿಮೆ.

ನನ್ನ ಭಾಗಕ್ಕೆ ಯಾವ ವಸ್ತು ಹಾಕಿಸಬೇಕು?

ಮೊದಲು ಸವೆದ ಭಾಗವನ್ನೇ ಬೆಳಕಿಗೆ ಹಿಡಿದು ನೋಡಿ. ಒಂದೇ ದಿಕ್ಕಿಗೆ ಉದ್ದುದ್ದ ಗೀರು ಕಂಡರೆ ಮರಳು, ದೂಳು ಅಥವಾ ಗಟ್ಟಿ ಕಣ ಉಜ್ಜಿದೆ. ಲೋಹ ಕಿತ್ತುಬಂದು ಮೆತ್ತಿಕೊಂಡಂತೆ ಇದ್ದರೆ ಎರಡು ಲೋಹಗಳು ಎಣ್ಣೆಯಿಲ್ಲದೆ ಉಜ್ಜಿ ಹಿಡಿದುಕೊಂಡಿವೆ. ಬೇರಿಂಗ್ ಸೀಟಿನಲ್ಲಿ ಕೆಂಗಂದು ಪುಡಿ ಕಂಡರೆ ಸಣ್ಣ ಕಂಪನದಿಂದಾದ ಫ್ರೆಟಿಂಗ್. ಮೈಯೆಲ್ಲ ಗುಳಿ ಬಿದ್ದಿದ್ದರೆ ತುಕ್ಕಿನ ಪಾಲೂ ಇದೆ ಎಂದರ್ಥ.

ಗಟ್ಟಿ ಕಣಗಳ ಉಜ್ಜಾಟ, ಸ್ಲರಿ (ಗಟ್ಟಿ ಕಣ ಬೆರೆತ ದ್ರವ) ಪಂಪಿನ ಸ್ಲೀವ್, ಫ್ಯಾನ್ ಶಾಫ್ಟ್, ಹೈಡ್ರಾಲಿಕ್ ರಾಡ್ – ಇವಕ್ಕೆ ಎಚ್‌ವಿಒಎಫ್‌ನಲ್ಲಿ ಹಾಕಿದ ಟಂಗ್‌ಸ್ಟನ್ ಕಾರ್ಬೈಡ್. ಶೇ 12 ಅಥವಾ 17 ಕೋಬಾಲ್ಟ್ ಇರುವುದು ಒಣ ಜಾಗಕ್ಕೆ ಸಾಕು. ನೀರು, ತೇವ, ಉಪ್ಪು ಇದ್ದರೆ ಶೇ 10 ಕೋಬಾಲ್ಟ್ ಜೊತೆ ಶೇ 4 ಕ್ರೋಮಿಯಂ ಇರುವ ಪೌಡರನ್ನೇ ಕೇಳಿ. ಅದರ ಗಡಸುತನ ಸಾಮಾನ್ಯವಾಗಿ 1,000ರಿಂದ 1,250 ವಿಕರ್ಸ್. ಆದರೆ ಸುಮಾರು 500 ಡಿಗ್ರಿ ದಾಟಿದ ಮೇಲೆ ಟಂಗ್‌ಸ್ಟನ್ ಕಾರ್ಬೈಡ್ ಉತ್ಕರ್ಷಣಗೊಂಡು ಹಾಳಾಗುತ್ತದೆ. ಅಲ್ಲಿಂದ ಮೇಲೆ, ಸುಮಾರು 850 ಡಿಗ್ರಿವರೆಗೆ, ಕ್ರೋಮಿಯಂ ಕಾರ್ಬೈಡ್ ಜೊತೆ ಶೇ 25 ನಿಕ್ಕಲ್-ಕ್ರೋಮಿಯಂ ಇರುವ ಲೇಪನ ಬೇಕು. ಬಿಸಿ ಬೂದಿ ಬಡಿಯುವ ಬಾಯ್ಲರ್ ಭಾಗಗಳಿಗೆ ಇದು ಹೇಳಿ ಮಾಡಿಸಿದ್ದು.

ಪಂಪಿನ ಪ್ಯಾಕಿಂಗ್ ಸ್ಲೀವ್‌ಗೆ, ನೂಲು ಹಾಯುವ ಗೈಡ್‌ಗೆ ಕ್ರೋಮಿಯಂ ಆಕ್ಸೈಡ್ ಒಳ್ಳೆಯದು. ಮುದ್ರಣದಲ್ಲಿ ಶಾಯಿ ಅಳೆದು ಕೊಡುವ ಅನಿಲಾಕ್ಸ್ ರೋಲರ್ ಮೇಲೆ ಲೇಸರ್‌ನಿಂದ ಗುಳಿ ಕೊರೆಯುವುದೂ ಇದೇ ಲೇಪನದ ಮೇಲೆ. ಸೆರಾಮಿಕ್ ಆದ್ದರಿಂದ ಪೆಟ್ಟು ತಾಳುವುದಿಲ್ಲ. ಎಣ್ಣೆ ಸರಿಯಾಗಿ ಸಿಗದೆ ಹಿಡಿದುಕೊಳ್ಳುವ ಭಾಗಗಳಿಗೆ, ಉದಾಹರಣೆಗೆ ಪಿಸ್ಟನ್ ರಿಂಗ್‌ಗೆ, ಮಾಲಿಬ್ಡಿನಮ್ ಹಳೆಯ ನಂಬಿಕಸ್ತ ಲೇಪನ. ಬರಿ ಅಳತೆ ಹೋದ ಬೇರಿಂಗ್ ಸೀಟಿಗೆ ಕಾರ್ಬೈಡ್ ಹಾಕಿ ದುಡ್ಡು ಕಳೆಯಬೇಕಿಲ್ಲ. ಶೇ 13 ಕ್ರೋಮಿಯಂ ಉಕ್ಕಿನ ವೈರನ್ನು ಆರ್ಕ್ ಸ್ಪ್ರೇ ಮಾಡಿದರೆ ಸಾಕು.

ಗಟ್ಟಿಯಾದಷ್ಟೂ ಒಳ್ಳೆಯದಲ್ಲವೇ?

ಅಲ್ಲ. ಕಣಗಳು ಓರೆಯಾಗಿ ಜಾರುವ ಕಡೆ ಗಡಸುತನ ಕೆಲಸ ಮಾಡುತ್ತದೆ. ನೇರವಾಗಿ, 90 ಡಿಗ್ರಿಯಲ್ಲಿ ಬಡಿಯುವ ಕಡೆ ಅತಿ ಗಟ್ಟಿಯಾದ ಲೇಪನ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಅಲ್ಲಿ ಸ್ವಲ್ಪ ಪೆಟ್ಟು ತಾಳುವ ಗುಣವೂ ಬೇಕು. ಜೊತೆಯಲ್ಲಿ ಉಜ್ಜುವ ಭಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಒರಟಾಗಿ ಬಿಟ್ಟ ಕಾರ್ಬೈಡ್ ಮೈ ಕೆಲವೇ ದಿನಗಳಲ್ಲಿ ರಬ್ಬರ್ ಸೀಲನ್ನು ಅರದ ಹಾಗೆ ತಿಂದುಹಾಕುತ್ತದೆ.

ಎಷ್ಟು ದಪ್ಪ ಹಾಕಬೇಕು? ಶಾಫ್ಟನ್ನು ಲೇತ್ ಮೇಲೆ ಎಷ್ಟು ಇಳಿಸಿ ತಿರುವಬೇಕು?

ಟಂಗ್‌ಸ್ಟನ್ ಕಾರ್ಬೈಡ್ ಫಿನಿಶ್ ಆದ ಮೇಲೆ 0.10ರಿಂದ 0.30 ಮಿ.ಮೀ. ಇದ್ದರೆ ಸರಿ. ಸೆರಾಮಿಕ್‌ಗೂ ಹೆಚ್ಚುಕಡಿಮೆ ಅಷ್ಟೇ. ಆರ್ಕ್ ಉಕ್ಕು (ಆರ್ಕ್ ಸ್ಪ್ರೇ ಮಾಡಿದ ಉಕ್ಕು) 1 ಮಿ.ಮೀ. ದಾಟಿದರೂ ತಡೆಯುತ್ತದೆ. "ಇನ್ನಷ್ಟು ದಪ್ಪ ಹಾಕಿ, ಹೆಚ್ಚು ದಿನ ಬರಲಿ" ಎಂಬ ಬೇಡಿಕೆ ಸಹಜವಾದದ್ದೇ. ಆದರೆ ಪದರ ದಪ್ಪವಾದಂತೆ ಒಳಗಿನ ಎಳೆತ ಕೂಡುತ್ತಾ ಹೋಗಿ, ಒಂದು ಹಂತದಲ್ಲಿ ಲೇಪನ ತನ್ನನ್ನು ತಾನೇ ಕಿತ್ತುಕೊಳ್ಳುತ್ತದೆ.

80.00 ಮಿ.ಮೀ. ವ್ಯಾಸದ ಬೇರಿಂಗ್ ಸೀಟಿನ ಲೆಕ್ಕ ನೋಡಿ. ಫಿನಿಶ್ ಲೇಪನ ಪ್ರತಿ ಬದಿಗೆ 0.15 ಬೇಕೆಂದರೆ ಶಾಫ್ಟನ್ನು 79.70ಕ್ಕೆ ಇಳಿಸಬೇಕು. ಗ್ರೈಂಡಿಂಗ್‌ಗೆ ಬದಿಗೆ 0.10 ಬಿಟ್ಟು 80.20 ಆಗುವವರೆಗೆ ಸ್ಪ್ರೇ ಮಾಡಬೇಕು. ಅಲ್ಲಿಗೆ ಒಟ್ಟು ಹಾಕುವ ಪದರ ಬದಿಗೆ 0.25. ಶಾಫ್ಟ್ ಒಂದೇ ಬದಿಗೆ ಸವೆದಿದ್ದರೆ ಹಳೆಯ ಸೆಂಟರ್ ಹಿಡಿದು ತಿರುಗುವಾಗಿನ ಓಲಾಟ ನೋಡಿ, ಸುತ್ತಲೂ ಸಮನಾಗುವಷ್ಟು ತಿರುವಿ. ಇಲ್ಲವಾದರೆ ಫಿನಿಶ್ ಮಾಡಿದಾಗ ಒಂದು ಬದಿ ದಪ್ಪ, ಇನ್ನೊಂದು ಬದಿ ಬರಿಮೈ.

ಅಂಚಿನಲ್ಲೇ ಯಾಕೆ ಎದ್ದುಬರುತ್ತದೆ?

ಎಳೆತ ಬಂದು ಸೇರುವುದು ಅಲ್ಲೇ. ಇಳಿಸಿ ತಿರುವಿದ ಜಾಗದ ಎರಡೂ ತುದಿಗಳಲ್ಲಿ ನೆಟ್ಟಗಿನ ಮೆಟ್ಟಿಲು ಬಿಡಬೇಡಿ. 30ರಿಂದ 45 ಡಿಗ್ರಿ ಇಳಿಜಾರು ಕೊಟ್ಟು ಮೂಲೆಯನ್ನು ದುಂಡಗೆ ಮಾಡಿ. ನೆಟ್ಟಗಿನ ಮೂಲೆಗೆ ಕಣ ಸರಿಯಾಗಿ ಬಡಿಯುವುದಿಲ್ಲ, ಅಲ್ಲಿ ಪುಡಿಯಷ್ಟೇ ಸೇರುತ್ತದೆ. ಹೊರ ಅಂಚಿಗೆ ಕನಿಷ್ಠ 0.5 ಮಿ.ಮೀ. ರೇಡಿಯಸ್ ಇರಲಿ. ಸಾಧ್ಯವಿದ್ದರೆ ಲೇಪನ ಶಾಫ್ಟಿನ ತುದಿಗೆ ಬರುವ ಮೊದಲೇ ನಿಲ್ಲಲಿ. ಕೀವೇ, ಎಣ್ಣೆ ತೂತುಗಳಿಗೆ ಗ್ರಾಫೈಟ್ ಅಥವಾ ಲೋಹದ ತುಂಡು ತುಂಬಿ, ಆಮೇಲೆ ಅಂಚನ್ನು ಡೈಮಂಡ್ ಫೈಲಿನಿಂದ ಲೇಪನದಿಂದ ಲೋಹದ ಕಡೆಗೆ ಉಜ್ಜಿ. ಉಲ್ಟಾ ಉಜ್ಜಿದರೆ ಲೇಪನ ಮೇಲಕ್ಕೆದ್ದು ಚಕ್ಕೆ ಹಾರುತ್ತದೆ.

ಮೈ ಸಿದ್ಧ ಮಾಡುವ ಸರಿಯಾದ ಕ್ರಮ ಯಾವುದು?

ಎಣ್ಣೆ ತೆಗೆಯುವುದರಿಂದ ಶುರು. ದ್ರಾವಕದಲ್ಲಿ ತೊಳೆದು, ಬೇರೆ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಬ್ಲಾಸ್ಟಿಂಗ್ ಎಣ್ಣೆಯನ್ನು ತೆಗೆಯುವುದಿಲ್ಲ, ಇನ್ನಷ್ಟು ಒಳಕ್ಕೆ ಹೊಡೆಯುತ್ತದೆ; ಗ್ರಿಟ್ ಕೂಡ ಕೊಳೆಯಾಗಿ ಮುಂದಿನ ಭಾಗವನ್ನೂ ಕೆಡಿಸುತ್ತದೆ. ಎಣ್ಣೆ ಹೀರಿಕೊಂಡ ಎರಕದ ಭಾಗವನ್ನು 250ರಿಂದ 300 ಡಿಗ್ರಿಗೆ ಕಾಯಿಸಿ, ಹೊಗೆ ನಿಲ್ಲುವವರೆಗೆ ಬಿಟ್ಟು, ಮತ್ತೆ ತೊಳೆಯಬೇಕು.

ಆಮೇಲೆ ಗ್ರಿಟ್ ಬ್ಲಾಸ್ಟಿಂಗ್. ಹೊಸ, ಚೂಪಾದ ಅಲ್ಯುಮಿನಾ ಗ್ರಿಟ್ ಬಳಸಿ. ಫ್ಲೇಮ್, ಆರ್ಕ್ ಲೇಪನಕ್ಕೆ 24 ಮೆಶ್, ಎಚ್‌ವಿಒಎಫ್‌ಗೆ 36ರಿಂದ 60 ಮೆಶ್ ನಡೆಯುತ್ತದೆ. ಗಾಳಿಯ ಒತ್ತಡ 3ರಿಂದ 5 ಬಾರ್. ತೆಳು ಭಾಗವಾದರೆ ಇನ್ನೂ ಕಡಿಮೆ, ಇಲ್ಲದಿದ್ದರೆ ಬಾಗುತ್ತದೆ. ನಾಝಲ್ ಪೂರ್ತಿ ನೆಟ್ಟಗಿರದೆ 70–80 ಡಿಗ್ರಿ ಓರೆಯಿದ್ದರೆ ಗ್ರಿಟ್ ಚೂರು ಲೋಹದಲ್ಲಿ ಹುದುಗುವುದು ಕಡಿಮೆ. ಒರಟುತನ ಎಚ್‌ವಿಒಎಫ್‌ಗೆ ಆರ್‌ಎ (ಸರಾಸರಿ ಒರಟುತನದ ಅಳತೆ) 3ರಿಂದ 5 ಮೈಕ್ರಾನ್, ಆರ್ಕ್‌ಗೆ ಅದಕ್ಕಿಂತ ಹೆಚ್ಚು. ಮೈ ಬೂದುಬಣ್ಣಕ್ಕೆ ತಿರುಗಿ, ಎಲ್ಲೂ ಹೊಳಪು ಕಾಣದಿದ್ದರೆ ನಿಲ್ಲಿಸಿ. ಸಾಕಾದ ಮೇಲೂ ಹೊಡೆಯುತ್ತಿದ್ದರೆ ಚೂಪು ಶಿಖರಗಳು ಮುರಿದು ಮೈ ಮೊಂಡಾಗುತ್ತದೆ.

ಕಂಪ್ರೆಸರ್ ಗಾಳಿಯನ್ನು ಪ್ರತಿ ದಿನ ಪರೀಕ್ಷಿಸಿ. ಗ್ರಿಟ್ ಬಂದ್ ಮಾಡಿ, ಬಿಳಿ ಕಾಗದವನ್ನು ಗಾಳಿಗೆ ಒಂದು ನಿಮಿಷ ಹಿಡಿಯಿರಿ. ಎಣ್ಣೆಯ ಚುಕ್ಕೆಯಾಗಲಿ ತೇವವಾಗಲಿ ಕಂಡರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಬೇಕು.

ಬ್ಲಾಸ್ಟ್ ಆದ ಮೈಯನ್ನು ಬರಿಗೈಯಲ್ಲಿ ಮುಟ್ಟಬಾರದು. ಒಣ ಗಾಳಿಯಿಂದ ದೂಳು ಊದಿ, ಒಂದೆರಡು ಗಂಟೆಯೊಳಗೆ ಸ್ಪ್ರೇ ಶುರುಮಾಡಿ. ಭಾಗದ ತಾಪಮಾನ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ತಾಪಮಾನಕ್ಕಿಂತ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಎಚ್‌ವಿಒಎಫ್ ಗನ್‌ನ ಜ್ವಾಲೆಯಲ್ಲಿ, ಪೌಡರ್ ಬಿಡದೆ, 80ರಿಂದ 100 ಡಿಗ್ರಿಗೆ ಬೆಚ್ಚಗೆ ಮಾಡಿದರೆ ತೇವ ಹಾರಿಹೋಗುತ್ತದೆ. ಮೈ ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗಿದರೆ ಆಕ್ಸೈಡ್ ಕಟ್ಟಿದೆ ಎಂದೇ ಲೆಕ್ಕ. ಮತ್ತೆ ಬ್ಲಾಸ್ಟ್ ಮಾಡದೆ ಮುಂದುವರಿಯಬೇಡಿ.

ಬಾಂಡ್ ಕೋಟ್ (ಹಿಡಿತಕ್ಕೆಂದು ಮೊದಲು ಹಾಕುವ ತೆಳು ಪದರ) ಯಾವಾಗ ಬೇಕು?

ಸೆರಾಮಿಕ್ ಕೆಳಗೆ, ಆರ್ಕ್ ಉಕ್ಕಿನ ಕೆಳಗೆ ಬೇಕು: ಶೇ 95 ನಿಕ್ಕಲ್, ಶೇ 5 ಅಲ್ಯುಮಿನಿಯಂ, 50ರಿಂದ 100 ಮೈಕ್ರಾನ್. ಎಚ್‌ವಿಒಎಫ್ ಕಾರ್ಬೈಡ್‌ಗೆ ಸಾಮಾನ್ಯವಾಗಿ ಬೇಡ.

ನೈಟ್ರೈಡ್ ಮಾಡಿದ (ನೈಟ್ರೋಜನ್ ಸೇರಿಸಿ ಮೈ ಗಟ್ಟಿ ಮಾಡಿದ), ಕ್ರೋಮ್ ಹಾಕಿದ ಶಾಫ್ಟ್ ಮೇಲೆ ಹಾಕಬಹುದೇ?

ನೇರವಾಗಿ ಹಾಕಬಾರದು. ನೈಟ್ರೈಡ್ ಪದರವನ್ನು ಗ್ರೈಂಡ್ ಮಾಡಿ ತೆಗೆಯಬೇಕು, ಕ್ರೋಮನ್ನು ಪೂರ್ತಿ ಬಿಡಿಸಬೇಕು. 55 ರಾಕ್‌ವೆಲ್ ಸಿ ಗಡಸುತನ ಮೀರಿದ ಉಕ್ಕಿನ ಮೇಲೆ ಗ್ರಿಟ್ ಸರಿಯಾಗಿ ಕಚ್ಚುವುದಿಲ್ಲ. ಅಂಥ ಭಾಗಕ್ಕೆ ಮೊದಲು ಅದೇ ಉಕ್ಕಿನ ತುಂಡಿನ ಮೇಲೆ ಪ್ರಯತ್ನಿಸಿ ನೋಡಿ.

ಎಚ್‌ವಿಒಎಫ್ ಹಾಕುವಾಗ ಯಾವ ಅಳತೆಗಳನ್ನು ಕಾಯಬೇಕು? ಪೌಡರ್ ಎಷ್ಟು ಬೇಕು?

ದೂರ, ಕೋನ, ಮೈಯ ವೇಗ, ಬಿಸಿ – ಈ ನಾಲ್ಕು. ದೂರ ಗನ್‌ಗೆ ತಕ್ಕಂತೆ 230ರಿಂದ 380 ಮಿ.ಮೀ. ಕೋನ 90 ಡಿಗ್ರಿ. 45ಕ್ಕಿಂತ ಕೆಳಗಿಳಿದರೆ ರಂಧ್ರ ಹೆಚ್ಚಿ ಹಿಡಿತ ಕುಸಿಯುತ್ತದೆ. ಮೈಯ ವೇಗ ನಿಮಿಷಕ್ಕೆ 75 ಮೀಟರ್ ಎಂದಿಟ್ಟುಕೊಂಡರೆ 80 ಮಿ.ಮೀ. ಶಾಫ್ಟ್ ಸುಮಾರು 300 ಆರ್‌ಪಿಎಂನಲ್ಲಿ ತಿರುಗಬೇಕು. ಶಾಫ್ಟಿನ ಪ್ರತಿ ಸುತ್ತಿಗೂ ಗನ್ 5 ಮಿ.ಮೀ. ಸರಿದರೆ ಗನ್‌ನ ವೇಗ ನಿಮಿಷಕ್ಕೆ 1,500 ಮಿ.ಮೀ. ಒಂದು ಸಲಕ್ಕೆ 10ರಿಂದ 15 ಮೈಕ್ರಾನ್ ಕೂತರೆ 0.25 ಮಿ.ಮೀ.ಗೆ ಇಪ್ಪತ್ತರ ಆಸುಪಾಸು ಓಟ ಬೇಕು. ಬದಿಯಿಂದ ತಂಪು ಗಾಳಿ ಬಿಟ್ಟು, ಬಿಸಿ 150 ಡಿಗ್ರಿ ಮುಟ್ಟಿದರೆ ಗನ್ ಪಕ್ಕಕ್ಕೆ ಸರಿಸಿ ಕಾಯಿರಿ.

ಪೌಡರ್ ಲೆಕ್ಕ: ಅದೇ ಶಾಫ್ಟಿನ 200 ಮಿ.ಮೀ. ಉದ್ದದ ಹೊರಮೈ ಸುಮಾರು 503 ಚದರ ಸೆಂ.ಮೀ. ಪದರ 0.025 ಸೆಂ.ಮೀ. ಎಂದರೆ 12.6 ಘನ ಸೆಂ.ಮೀ. ಲೇಪನದ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 13.5 ಗ್ರಾಂ, ಹಾಗಾಗಿ ಕೂರುವ ತೂಕ 170 ಗ್ರಾಂ. ಎರಚಿದ್ದರಲ್ಲಿ ಶೇ 45 ಕೂರುತ್ತದೆ ಎಂದು ಹಿಡಿದರೆ 378 ಗ್ರಾಂ. ಗನ್ ಎರಡೂ ತುದಿಯಿಂದ ಆಚೆ ಹೋಗಿ ತಿರುಗುವಾಗ ಕಳೆಯುವುದನ್ನೂ ಸೇರಿಸಿ ಅರ್ಧ ಕಿಲೋ ಇಟ್ಟುಕೊಳ್ಳಿ. ಡಬ್ಬವನ್ನು ಉರುಳಿಸಿ ಕಲಸಿದ ಮೇಲೆಯೇ ಫೀಡರ್‌ಗೆ ಹಾಕಿ, ಯಾಕೆಂದರೆ ಸಾಗಾಟದ ಕುಲುಕಾಟದಲ್ಲಿ ನುಣುಪು ಪುಡಿ ಒಂದೆಡೆ, ದಪ್ಪ ಕಣ ಒಂದೆಡೆ ಆಗಿರುತ್ತವೆ. ತೇವ ಹಿಡಿದ ಪೌಡರ್ ಮೆದುಗೊಳವೆಯಲ್ಲಿ ತಡೆತಡೆದು ಬರುತ್ತದೆ. 100 ಡಿಗ್ರಿಯ ಓವನ್‌ನಲ್ಲಿ ಒಂದೆರಡು ಗಂಟೆ ಒಣಗಿಸಿ. ನೆಲಕ್ಕೆ ಬಿದ್ದದ್ದನ್ನು ಗುಡಿಸಿ ಮತ್ತೆ ಬಳಸಬೇಡಿ.

ಲೇಪನ ಕಿತ್ತುಬಂತು. ತಪ್ಪು ಎಲ್ಲಾಗಿದೆ ಎಂದು ತಿಳಿಯುವುದು ಹೇಗೆ?

ಕಿತ್ತುಬಂದ ಚಕ್ಕೆಯನ್ನು ಎಸೆಯಬೇಡಿ. ಅದನ್ನು ತಿರುಗಿಸಿ ಕೆಳಮೈಯನ್ನು ಭೂತಗನ್ನಡಿಯಲ್ಲಿ ನೋಡಿ. ಬ್ಲಾಸ್ಟ್ ಮಾಡಿದ ತರಿಯ ಅಚ್ಚು ಸ್ಪಷ್ಟವಾಗಿ ಮೂಡಿದ್ದು, ಕೆಳಗಿನ ಲೋಹ ಬರಿದಾಗಿ ಕಂಡರೆ ಕಣಗಳು ಮೈಗೆ ಒಗ್ಗಿವೆ, ಹಿಡಿತ ಮಾತ್ರ ಸಿಕ್ಕಿಲ್ಲ: ಎಣ್ಣೆ, ತೇವ, ಆಕ್ಸೈಡ್ ಇವುಗಳಲ್ಲಿ ಒಂದು. ಅಚ್ಚು ನುಣುಪಾಗಿದ್ದರೆ ಬ್ಲಾಸ್ಟಿಂಗ್ ಸಾಲದು, ಗ್ರಿಟ್ ಮೊಂಡಾಗಿತ್ತು. ಕೆಳಮೈಯಲ್ಲಿ ಬಿಳಿ ಅಥವಾ ಕಂದು ಚೂರುಗಳು ಕಂಡರೆ ಹುದುಗಿದ ಗ್ರಿಟ್. ಲೋಹದ ಮೇಲೆ ಇನ್ನೂ ಲೇಪನದ ತೆಳು ಪದರ ಉಳಿದು, ಮೇಲಿನ ಭಾಗ ಮಾತ್ರ ಹಾಳೆಯಂತೆ ಬಂದಿದ್ದರೆ ತಳದ ತಪ್ಪಲ್ಲ. ಎರಡು ಓಟಗಳ ನಡುವೆ ದೂಳು ಕೂತಿದೆ, ಅಥವಾ ಕಣಗಳು ಸರಿಯಾಗಿ ಕರಗಿಲ್ಲ.

ಒಣಗಿದ ಕೆರೆಯಂಗಳದಂಥ ಬಿರುಕು ಸ್ಪ್ರೇ ಆದ ತಕ್ಷಣ ಕಂಡರೆ ಅತಿ ಬಿಸಿ ಅಥವಾ ಅತಿ ದಪ್ಪ. ಗ್ರೈಂಡಿಂಗ್ ಆದ ಮೇಲೆ ಕಂಡರೆ ಗ್ರೈಂಡರ್ ಕಡೆ ನೋಡಿ. ತಿಂಗಳುಗಳ ನಂತರ ಬೊಬ್ಬೆ ಎದ್ದರೆ ಒಳಗೆ ತುಕ್ಕು ನಡೆದಿದೆ.

ತುಕ್ಕು ಹಿಡಿಯದ ಲೇಪನದ ಕೆಳಗೆ ಉಕ್ಕು ಹೇಗೆ ತುಕ್ಕು ಹಿಡಿಯಿತು?

ಲೇಪನದಲ್ಲಿ ಒಂದಕ್ಕೊಂದು ಕೂಡಿದ ಸಣ್ಣ ರಂಧ್ರಗಳಿರುತ್ತವೆ. ನೀರು ಅವುಗಳ ಮೂಲಕ ಉಕ್ಕನ್ನು ಮುಟ್ಟಿದಾಗ, ಕ್ರೋಮಿಯಂ ಅಥವಾ ನಿಕ್ಕಲ್ ಇರುವ ಲೇಪನ ಸುರಕ್ಷಿತವಾಗಿದ್ದು, ಕೆಳಗಿನ ಉಕ್ಕು ಮೊದಲಿಗಿಂತ ಬೇಗ ಕರಗುತ್ತದೆ. ಸ್ಪ್ರೇ ಆದ ಕೂಡಲೇ, ಭಾಗ ಇನ್ನೂ ಬೆಚ್ಚಗಿರುವಾಗ, ಗ್ರೈಂಡಿಂಗ್‌ಗೂ ಮೊದಲು ತೆಳುವಾದ ಎಪಾಕ್ಸಿ ಅಥವಾ ಫೀನಾಲಿಕ್ ಸೀಲರ್ ಹಚ್ಚಿ. ಗ್ರೈಂಡಿಂಗ್ ಮಾಡುವಾಗ ಬಿಡುವ ತಂಪು ದ್ರವ (ಕೂಲಂಟ್) ಒಳಹೊಕ್ಕ ಮೇಲೆ ಸೀಲರ್‌ಗೆ ಜಾಗವಿರುವುದಿಲ್ಲ. ಸಮುದ್ರದ ನೀರು ಅಥವಾ ಆಮ್ಲ ಇರುವ ಕಡೆ ಸೀಲರ್ ಒಂದನ್ನೇ ನಂಬದೆ ತಳದ ಲೋಹವನ್ನೇ ಸ್ಟೇನ್‌ಲೆಸ್‌ಗೆ ಬದಲಿಸುವುದು ಲೇಸು.

ಗ್ರೈಂಡಿಂಗ್ ಹೇಗೆ?

ಟಂಗ್‌ಸ್ಟನ್ ಕಾರ್ಬೈಡ್‌ಗೆ ಡೈಮಂಡ್ ವ್ಹೀಲ್ ಬಿಟ್ಟರೆ ಬೇರೆ ದಾರಿಯಿಲ್ಲ. ರೆಸಿನ್ ಬಾಂಡ್ ಇರಲಿ: ಮೊದಲಿಗೆ 120–150 ಗ್ರಿಟ್, ಕೊನೆಗೆ 320–400. ಒಂದು ಸಲಕ್ಕೆ 0.005ರಿಂದ 0.01 ಮಿ.ಮೀ. ಕಚ್ಚಿಸಿ, ಕೂಲಂಟ್ ಧಾರಾಳವಾಗಿ ಬಿಡಿ. ಕೋಬಾಲ್ಟನ್ನು ಕರಗಿಸದ ಕೂಲಂಟ್ ಆಗಿರಬೇಕು. ಒತ್ತಿ ಮಾಡಿದರೆ ಎರಡು ಬಗೆಯ ಹಾನಿ: ಬಿಸಿಯಿಂದ ಕಣ್ಣಿಗೆ ಕಾಣದ ಬಿರುಕು, ಜೊತೆಗೆ ಕಣಗಳು ಕಿತ್ತುಬಂದು ಚುಕ್ಕೆಚುಕ್ಕೆಯಾದ ಮೈ. ಸೀಲ್ ಓಡುವ ರಾಡ್‌ಗೆ ಗ್ರೈಂಡಿಂಗ್ ಸಾಲದು; ಡೈಮಂಡ್ ಟೇಪಿನಲ್ಲಿ ಸೂಪರ್‌ಫಿನಿಶ್ ಮಾಡಿ ಆರ್‌ಎ 0.1 ಮೈಕ್ರಾನ್ ಆಸುಪಾಸಿಗೆ ತನ್ನಿ. ಆರ್ಕ್ ಉಕ್ಕನ್ನು ಕಾರ್ಬೈಡ್ ಟೂಲಿನಲ್ಲಿ ಲೇತ್ ಮೇಲೆಯೇ ತಿರುವಬಹುದು.

ಯಾವ ಭಾಗಕ್ಕೆ ಈ ಲೇಪನ ಬೇಡವೇ ಬೇಡ?

ಸುತ್ತಿಗೆಯಂತೆ ಪೆಟ್ಟು ಬೀಳುವ ಭಾಗ, ಗೇರ್ ಹಲ್ಲು, ಥ್ರೆಡ್, ಒಂದೇ ಗೆರೆಯಲ್ಲಿ ಭಾರ ಹೊರುವ ರೋಲರ್ ಓಡುಮೈ. ತೀವ್ರ ಕ್ಯಾವಿಟೇಶನ್ (ದ್ರವದ ಗುಳ್ಳೆಗಳು ಒಡೆದು ಲೋಹವನ್ನು ಕೊರೆಯುವುದು) ಇರುವ ಕಡೆ ವೆಲ್ಡ್ ಓವರ್‌ಲೇ ಮೇಲು. ಲೇಪನ ಅಳತೆಯನ್ನು ಮರಳಿ ಕೊಡುತ್ತದೆಯೇ ಹೊರತು ಬಲವನ್ನಲ್ಲ. ಬಿರುಕು ಬಿಟ್ಟ ಶಾಫ್ಟಿನ ಮೇಲೆ ಹಾಕಿದರೆ ಬಿರುಕು ಮುಚ್ಚಿಹೋಗಿ, ಅಪಾಯ ಕಣ್ಮರೆಯಾಗುತ್ತದೆ, ಅಷ್ಟೇ. ಆದ್ದರಿಂದ ಡೈ ಪೆನಿಟ್ರೆಂಟ್ ಅಥವಾ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಮಾಡದೆ ಯಾವ ಹಳೆಯ ಶಾಫ್ಟನ್ನೂ ತೆಗೆದುಕೊಳ್ಳಬಾರದು.

ಪೆಟ್ಟೂ ಇದೆ, ಉಜ್ಜಾಟವೂ ಇದೆ ಎಂದಾದರೆ ನಿಕ್ಕಲ್-ಕ್ರೋಮಿಯಂ-ಬೋರಾನ್-ಸಿಲಿಕಾನ್ ಪೌಡರ್ ಸ್ಪ್ರೇ ಮಾಡಿ, 1,000 ಡಿಗ್ರಿ ಮೇಲಕ್ಕೆ ಕಾಯಿಸಿ ಬೆಸೆಯುವ ವಿಧಾನವಿದೆ. ಮೈ ಕನ್ನಡಿಯಂತೆ ಒದ್ದೆಯಾಗಿ ಹೊಳೆದ ಕ್ಷಣವೇ ಬೆಸೆದಿದೆ ಎಂದರ್ಥ. ಇನ್ನೂ ಕಾಯಿಸಿದರೆ ಇಳಿದು ಹರಿಯುತ್ತದೆ. ಬೆಸೆಯುವಾಗ ಪದರ ಶೇ 15–20 ಕುಗ್ಗುತ್ತದೆ, ಅಷ್ಟು ಹೆಚ್ಚು ಹಾಕಿರಬೇಕು. ಉದ್ದ ಶಾಫ್ಟ್ ಇದರಲ್ಲಿ ಬಾಗಬಹುದು.

ಹಾರ್ಡ್ ಕ್ರೋಮ್ ಬದಲಿಗೆ ಹಾಕಬಹುದೇ?

ಹೊರಮೈಗಳಿಗೆ ಖಂಡಿತ. ವಿಮಾನಗಳ ಲ್ಯಾಂಡಿಂಗ್ ಗೇರ್‌ನಲ್ಲಿ ಎಚ್‌ವಿಒಎಫ್ ಕಾರ್ಬೈಡ್ ಕ್ರೋಮಿನ ಜಾಗ ಹಿಡಿದಿದೆ. ಐರೋಪ್ಯ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್ 21ರ ನಂತರ ಕ್ರೋಮ್ ಹಾಕಲು ಬೇಕಾದ ಕ್ರೋಮಿಯಂ ಟ್ರೈಆಕ್ಸೈಡ್ ಬಳಸಲು ವಿಶೇಷ ಅನುಮತಿ ಬೇಕಾಯಿತು. ಆಳವಾದ ಸಣ್ಣ ಬೋರ್‌ಗಳಲ್ಲಿ ಮಾತ್ರ ಕ್ರೋಮ್‌ಗೆ ಇನ್ನೂ ಅನುಕೂಲ ಇದೆ. ಅಲ್ಲಿ ಗನ್‌ಗೆ ದೂರವೂ ಸಿಗದು, ಕೋನವೂ ಸಿಗದು, ಕೂರದ ಪುಡಿ ಹೊರಗೂ ಹೋಗದು.

ಗುಣಮಟ್ಟ ಪರೀಕ್ಷಿಸುವುದು ಹೇಗೆ?

ಭಾಗವನ್ನು ಕತ್ತರಿಸಲಾಗದು. ಅದಕ್ಕೇ ಪಕ್ಕದಲ್ಲಿ ಅದೇ ಲೋಹದ ಕೂಪನ್ (ಮಾದರಿ ತುಂಡು) ಇಟ್ಟು, ಅದೇ ಓಟದಲ್ಲಿ ಸ್ಪ್ರೇ ಮಾಡಿ, ಅದನ್ನು ಕತ್ತರಿಸಿ ರಂಧ್ರ, ಬಿರುಕು, ಗಡಸುತನ ನೋಡಬೇಕು. ಹಿಡಿತಕ್ಕೆ ಎಎಸ್‌ಟಿಎಂ ಸಿ633 ಪರೀಕ್ಷೆ. ಒಳ್ಳೆಯ ಎಚ್‌ವಿಒಎಫ್ ಕೆಲಸದಲ್ಲಿ ಲೇಪನಕ್ಕಿಂತ ಮೊದಲು ಪರೀಕ್ಷೆಯ ಅಂಟೇ, ಸುಮಾರು 70 ಮೆಗಾಪ್ಯಾಸ್ಕಲ್‌ನಲ್ಲಿ, ಹರಿದುಹೋಗುತ್ತದೆ. ಮರಳಿನ ಉಜ್ಜಾಟಕ್ಕೆ ಎಎಸ್‌ಟಿಎಂ ಜಿ65. ಸ್ಪ್ರೇ ಮಾಡುವವರ ಅರ್ಹತೆಗೆ ಐಎಸ್‌ಒ 14918 ಇದೆ. ಕೂಪನ್ ಕೊಡಲು ಒಪ್ಪದ ಕಡೆ ದುಬಾರಿ ಭಾಗ ಕೊಡಬೇಡಿ ಎಂಬುದು ನಮ್ಮ ನೇರ ಸಲಹೆ.

ಹಳೆಯ ಲೇಪನ ತೆಗೆದು ಮತ್ತೆ ಹಾಕಬಹುದೇ?

ಹಾಕಬಹುದು. ಉಕ್ಕಿನ ಮೇಲಿನ ಟಂಗ್‌ಸ್ಟನ್ ಕಾರ್ಬೈಡನ್ನು ರೋಶೆಲ್ ಸಾಲ್ಟ್ ದ್ರಾವಣದಲ್ಲಿ ವಿದ್ಯುತ್ ಹಾಯಿಸಿ ಬಿಡಿಸುತ್ತಾರೆ, ಇಲ್ಲವೇ ಡೈಮಂಡ್ ವ್ಹೀಲಿನಲ್ಲಿ ತೆಗೆಯುತ್ತಾರೆ. ಹಳೆಯ ಲೇಪನದ ಮೇಲೆಯೇ ಹೊಸದನ್ನು ತೇಪೆ ಹಾಕುವುದು ಬೇಡ.

ಕೆಲಸ ಮಾಡುವವರು ಏನೇನು ಎಚ್ಚರ ವಹಿಸಬೇಕು?

ಎಚ್‌ವಿಒಎಫ್ ಶಬ್ದ 120 ಡೆಸಿಬೆಲ್ ದಾಟುತ್ತದೆ, ಶಬ್ದ ತಡೆಯುವ ಕೋಣೆಯೊಳಗೆ, ಹೊರಗಿನಿಂದ ನಡೆಸಬೇಕು. ಬಾಗಿಲು ತೆರೆದರೆ ಗನ್ ತಾನೇ ನಿಲ್ಲುವಂತಿರಲಿ. ಆರ್ಕ್, ಪ್ಲಾಸ್ಮಾ ಬೆಳಕಿಗೆ ವೆಲ್ಡಿಂಗ್ ಗಾಜಿಲ್ಲದೆ ಕಣ್ಣು ಕೊಡಬೇಡಿ. ಕೋಬಾಲ್ಟ್, ನಿಕ್ಕಲ್, ಕ್ರೋಮಿಯಂ ದೂಳು ಶ್ವಾಸಕೋಶಕ್ಕೆ ವಿಷ. ಸ್ಪ್ರೇ ನಿಂತ ಮೇಲೂ ಕೆಲವು ನಿಮಿಷ ಎಕ್ಸಾಸ್ಟ್ ಓಡಿದ ನಂತರವೇ ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ. ಅಲ್ಯುಮಿನಿಯಂನ ನುಣುಪು ದೂಳು ಗಾಳಿಯಲ್ಲಿ ಸ್ಫೋಟಿಸಬಲ್ಲದು, ಆದ್ದರಿಂದ ಅದನ್ನು ಗಾಳಿ ಊದಿ ಚೊಕ್ಕ ಮಾಡಬಾರದು. ಆಮ್ಲಜನಕದ ವಾಲ್ವ್, ಫಿಟ್ಟಿಂಗ್‌ಗಳಿಗೆ ಎಣ್ಣೆ ಅಥವಾ ಗ್ರೀಸ್ ಸೋಕಬಾರದು. ಅಸಿಟಿಲೀನ್ ಒತ್ತಡ ಗೇಜಿನಲ್ಲಿ 1 ಬಾರ್ ಮೀರಬಾರದು. ಮೀರಿದರೆ ಗಾಳಿಯಿಲ್ಲದೆಯೂ ತಾನೇ ಒಡೆದು ಸ್ಫೋಟಿಸುವ ಅನಿಲ ಅದು.